ನಮ್ಮ ಪಕ್ಕದ ಸೊನ್ನಲಿಗೆ



ಕುಂಭಾರಿಯಿಂದ ಸೊಲ್ಲಾಪುರಕ್ಕೆ ನಾವು ಎಷ್ಟು ಸಲ ಹೋಗಿಲ್ಲ? ಸಂತೆಗೆ, ದವಾಖಾನೆಗೆ, ಕೋರ್ಟು ಕಚೇರಿಗೆ, ಮದುವೆಯ ಜವಳಿಗೆ. ಕೆಲಸ ಮುಗಿಯಿತೆಂದರೆ ಮತ್ತೆ ಅಕ್ಕಲಕೋಟ ರಸ್ತೆಯ ಬಸ್ಸು. ಊರನ್ನು ನೋಡಲೆಂದೇ ಹೋದದ್ದು ನಿಮಗೆ ನೆನಪಿದೆಯೆ? ಇಂದು ಹಾಗೊಮ್ಮೆ ಹೋಗಿಬರೋಣ.

ಮೊದಲು ಕೋಟೆ. ಇದು ಬೆಟ್ಟದ ಕೋಟೆಯಲ್ಲ, ನೆಲದ ಮೇಲಿನ ಭುಯಿಕೋಟ. ಬಹಮನಿ ಸುಲ್ತಾನರ ಕಾಲದ್ದು. ಬಿಜಾಪುರದ ಆದಿಲಶಾಹಿಗೂ ಅಹಮದನಗರದ ನಿಜಾಮಶಾಹಿಗೂ ಈ ಕೋಟೆಗಾಗಿ ಅನೇಕ ಕದನಗಳಾದವು. ಚಾಂದಬೀಬಿಯ ಮದುವೆಯಲ್ಲಿ ಇದು ವರದಕ್ಷಿಣೆಯಾಗಿ ಬಿಜಾಪುರಕ್ಕೆ ಹೋಯಿತು. 1818ರ ಮೇ ತಿಂಗಳಲ್ಲಿ ಥಾಮಸ್ ಮನ್ರೋ ಇದನ್ನು ಪೇಶ್ವೆಯ ಸೈನ್ಯದಿಂದ ಗೆದ್ದುಕೊಂಡ. ಒಳಗೆ ಒಂದು ಹಳೆಯ ಗುಡಿಯ ಅವಶೇಷವೂ ಇದೆ.

ಕೋಟೆಯ ಮಗ್ಗುಲಿಗೇ ಸಿದ್ಧರಾಮೇಶ್ವರರ ಕೆರೆ, ನೀರಿನ ನಡುವೆ ಗುಡಿ. ಹನ್ನೆರಡನೆಯ ಶತಮಾನದಲ್ಲಿ ವಚನಕಾರ ಸಿದ್ಧರಾಮರು ಸೊನ್ನಲಿಗೆಯಲ್ಲಿ ಕೆರೆ ತೋಡಿಸಿದರು, ಊರ ಸುತ್ತ ಅರವತ್ತೆಂಟು ಲಿಂಗಗಳನ್ನು ಸ್ಥಾಪಿಸಿದರು ಎಂಬುದು ಪರಂಪರೆಯ ನಂಬಿಕೆ. ಆ ಸೊನ್ನಲಿಗೆಯೇ ಇಂದಿನ ಸೊಲ್ಲಾಪುರ. ರಾಘವಾಂಕ ಕವಿ ಇವರ ಚರಿತ್ರೆಯನ್ನೇ ಕಾವ್ಯ ಮಾಡಿದ್ದಾನೆ.

ಪ್ರತಿವರ್ಷ ಸಂಕ್ರಾಂತಿಯ ಹೊತ್ತಿಗೆ ಇಲ್ಲಿ ಗಡ್ಡದ ಜಾತ್ರೆ. ಏಳು ನಂದಿಧ್ವಜಗಳು ಅರವತ್ತೆಂಟು ಲಿಂಗಗಳ ದರ್ಶನಕ್ಕೆ ಹೊರಡುತ್ತವೆ. ಸಿದ್ಧರಾಮರನ್ನೇ ವರಿಸುವೆನೆಂದು ಹಟ ಹಿಡಿದ ಕುಂಬಾರರ ಮಗಳಿಗೆ ಅವರು ತಮ್ಮ ಯೋಗದಂಡದೊಡನೆ ಲಗ್ನವಾಗಲು ಹೇಳಿದರಂತೆ. ಆ ಮದುವೆಯ ಅಕ್ಷತೆ ಇಂದಿಗೂ ಸಮ್ಮತಿಕಟ್ಟೆಯ ಬಳಿ ಬೀಳುತ್ತದೆ.

ಇಲ್ಲೊಂದು ಮಾತು ಗಮನಿಸಿ. ಜಾತ್ರೆಯ ಮೊದಲಲ್ಲಿ ಲಿಂಗಗಳಿಗೆ ಎಣ್ಣೆಯ ಅಭಿಷೇಕ ನಡೆಯುತ್ತದೆ. ಮರಾಠಿ ಪತ್ರಿಕೆಗಳೂ ಅದನ್ನು 'ಯಣ್ಣಿಮಜ್ಜನ' ಎಂದೇ ಬರೆಯುತ್ತವೆ. ಎಣ್ಣೆ, ಮಜ್ಜನ: ಎರಡೂ ನಮ್ಮ ಮನೆಯ ಮಾತುಗಳೇ. ಆದರೆ ಮನೆಯ ಮಕ್ಕಳನ್ನು ಕೇಳಿ ನೋಡಿ, ಅರ್ಥ ಹೇಳುವವರು ಎಷ್ಟು ಮಂದಿ?

ಹಾಗೆಂದು ಈ ನೆಲ ನಮ್ಮದೊಂದೇ ಎಂದು ಜಗಳಕ್ಕೆ ನಿಲ್ಲಬೇಕಾಗಿಲ್ಲ. ಭೀಮಾ, ಸೀನಾ ನದಿಗಳು ಕೂಡುವ ಹತ್ತರಸಂಗ ಕೂಡಲದ ಸಂಗಮೇಶ್ವರ ಗುಡಿಯಲ್ಲಿ ಶಕ 940ರ, ಅಂದರೆ ಕ್ರಿ.ಶ. 1018ರ ಶಾಸನವಿದೆ. ಮರಾಠಿಯ ಅತಿ ಹಳೆಯ ಶಾಸನಗಳಲ್ಲಿ ಅದೂ ಒಂದು. ಎರಡು ನದಿಗಳಂತೆ ಎರಡು ನುಡಿಗಳೂ ಇಲ್ಲಿ ಕೂಡಿವೆ.

ಇನ್ನು ಪೇಟೆಯ ನಡುವೆ ನಾಲ್ವರು ಹುತಾತ್ಮರ ಚೌಕ. 1930ರ ಮೇ ತಿಂಗಳ ಚಳವಳಿಯಲ್ಲಿ ಊರಿಗೆ ಲಷ್ಕರಿ ಕಾಯದೆ ಬಂತು. ಮಲ್ಲಪ್ಪ ಧನಶೆಟ್ಟಿ, ಅಬ್ದುಲ್ ರಸೂಲ್ ಕುರ್ಬಾನ್ ಹುಸೇನ್, ಜಗನ್ನಾಥ ಶಿಂದೆ, ಶ್ರೀಕಿಸನ್ ಸಾರಡಾ ಇವರನ್ನು 1931ರ ಜನವರಿ 12ರಂದು ಯರವಡಾ ಜೈಲಿನಲ್ಲಿ ಗಲ್ಲಿಗೇರಿಸಿದರು. ಆ ಹೆಸರುಗಳನ್ನು ಒಮ್ಮೆ ಗಟ್ಟಿಯಾಗಿ ಓದಿ. ಊರಿನ ಗುಣವೆಲ್ಲ ಅವುಗಳಲ್ಲಿದೆ.

"ಅಲ್ಲೇನೈತ್ರಿ ನೋಡಾಕ, ಬರೇ ಕಲ್ಲು" ಎನ್ನುವವರಿದ್ದಾರೆ. ಉತ್ತರ ಜರ್ಮನಿಯ ಹಳೆಯ ಬಂದರು ಲ್ಯೂಬೆಕ್‌ನಲ್ಲಿಯೂ ಹೀಗೆ ಅಂದವರಿದ್ದರು. ಹದಿನೈದನೆಯ ಶತಮಾನದ ಹೋಲ್ಸ್ಟನ್ ಹೆಬ್ಬಾಗಿಲು ಮೆತ್ತನೆಯ ನೆಲದಲ್ಲಿ ಕುಸಿದು ವಾಲಿತ್ತು. ಕೆಡವಬೇಕೋ ಉಳಿಸಬೇಕೋ ಎಂದು 1863ರಲ್ಲಿ ಮತಕ್ಕೆ ಹಾಕಿದರು. ಒಂದೇ ಒಂದು ಮತದಿಂದ ಅದು ಉಳಿಯಿತು. ಇಂದು ಆ ಊರಿನ ಗುರುತೇ ಆ ಬಾಗಿಲು.

ನಮ್ಮಲ್ಲಿಯೂ ಆ ಒಂದು ಮತ ನಿಮ್ಮದಾಗಲಿ. ಬರುವ ಸಂಕ್ರಾಂತಿಗೆ ಮೊಮ್ಮಕ್ಕಳನ್ನು ಕರೆದುಕೊಂಡು ಹೋಗಿ. ಕೋಟೆಯ ಗೋಡೆಯ ಮೇಲೆ ಹೆಸರು ಕೆತ್ತಬೇಡಿರೆಂದು ಹೇಳಿ. ಕೆರೆಯ ದಂಡೆಯ ಮೇಲೆ ಕುಳಿತು ಕುಂಬಾರರ ಮಗಳ ಕಥೆಯನ್ನು ಕನ್ನಡದಲ್ಲಿ ಹೇಳಿ. ಎಣ್ಣೆಮಜ್ಜನ ಅಂದರೇನೆಂದು ಅವರು ಕೇಳಿಯೇ ಕೇಳುತ್ತಾರೆ. ಉತ್ತರ ಹೇಳಲು ನೀವು ಇದ್ದೀರಲ್ಲ, ಅಷ್ಟು ಸಾಕು.