ಮರವನ್ನು ಅಳೆಯಿರಿ, ಬೆಟ್ಟವನ್ನು ಉಳಿಸಿರಿ
(ಗ್ರಾಮಸಭೆಯಲ್ಲಿ ಅಡಿಕೆ ಬೆಳೆಗಾರರನ್ನು ಕುರಿತು ಮಾಡಿದ ಭಾಷಣ)



ಸೊಪ್ಪಿನ ಬೆಟ್ಟದ ಬೆಲೆ ಏನೆಂಬುದನ್ನು ತೋಟಗಾರರಾದ ನಿಮಗೆ ನಾನು ಹೇಳಬೇಕಾಗಿಲ್ಲ. ಉತ್ತರ ಕನ್ನಡದ ಘಟ್ಟದ ಮೇಲಿನ ಸೀಮೆಯಲ್ಲಿ ಒಂದು ಎಕರೆ ಅಡಿಕೆ ತೋಟಕ್ಕೆ 9 ಎಕರೆಯವರೆಗೆ ಬೆಟ್ಟ ಬಿಟ್ಟುಕೊಡುವ ಪದ್ಧತಿ ಬ್ರಿಟಿಷರ ಕಾಲದಿಂದ ಬಂದಿದೆ. ಬೆಟ್ಟದ ಸೊಪ್ಪು ಕೊಟ್ಟಿಗೆಗೆ, ಕೊಟ್ಟಿಗೆಯ ಗೊಬ್ಬರ ತೋಟಕ್ಕೆ. ಬೆಟ್ಟ ಬೋಳಾದರೆ ಅದರ ಹಿಂದೆಯೇ ತೋಟವೂ ಸೊರಗುತ್ತದೆ.

ಹಾಗಾದರೆ ಬೆಟ್ಟದಿಂದ ವರ್ಷಕ್ಕೆ ಎಷ್ಟು ತೆಗೆಯಬಹುದು? ಕಣಜದ ಭತ್ತವನ್ನು ಅಳೆದು ಖರ್ಚು ಮಾಡುವ ನಾವು ಬೆಟ್ಟವನ್ನು ಮಾತ್ರ ಕಣ್ಣಂದಾಜಿನಿಂದ ಬಳಸುತ್ತೇವೆ. ಮರದ ಬೆಳವಣಿಗೆ ನಿಧಾನವಾದದ್ದು, ಕಣ್ಣಿಗೆ ಕಾಣುವುದಿಲ್ಲ. ಆದ್ದರಿಂದ ಅಳೆಯಬೇಕು.

ತೇಗದ ಕೊರಡನ್ನು ಅಡ್ಡ ಕೊಯ್ದರೆ ವರ್ಷಕ್ಕೊಂದರಂತೆ ಉಂಗುರಗಳು ಕಾಣುತ್ತವೆ. ಆದರೆ ನಿತ್ಯಹಸುರಿನ ಅನೇಕ ಮರಗಳಲ್ಲಿ ಉಂಗುರ ಸ್ಪಷ್ಟವಿರುವುದಿಲ್ಲ. ಉಂಗುರ ಎಣಿಸಲೆಂದು ಮರ ಕಡಿಯುವುದೂ ಸರಿಯಲ್ಲ. ನಿಂತ ಮರದ ಸುತ್ತಳತೆಯೇ ನಮಗೆ ಸಾಕು.

ಅಳೆಯುವ ಕ್ರಮ ಸುಲಭ. ಮತ್ತಿ, ಹೊನ್ನೆ, ನಂದಿ ಮುಂತಾದ ಜಾತಿಗಳಲ್ಲಿ ಸಣ್ಣದು, ನಡುವಿನದು, ದೊಡ್ಡದು ಎಂದು ಕೆಲವು ಮರಗಳನ್ನು ಆರಿಸಿರಿ. ನೆಲದಿಂದ ಮೂರು ಮೊಳ, ಅಂದರೆ ನಾಲ್ಕೂವರೆ ಅಡಿ ಎತ್ತರದಲ್ಲಿ ಬಣ್ಣದ ಗೆರೆ ಹಾಕಿರಿ. ಇಳಿಜಾರಿನಲ್ಲಿ ಮೇಲಿನ ಮಗ್ಗುಲಿನಿಂದ ಎತ್ತರ ಹಿಡಿಯಿರಿ. ಪ್ರತಿ ವರ್ಷ ಬೇಸಿಗೆಯ ಒಂದೇ ತಿಂಗಳಲ್ಲಿ, ಅದೇ ಗೆರೆಯ ಮೇಲೆ ಟೇಪು ಸುತ್ತಿ ಪುಸ್ತಕದಲ್ಲಿ ಬರೆಯಿರಿ. ಮಳೆ ಕಡಿಮೆಯಾದ ವರ್ಷ ಮರವೂ ಕಡಿಮೆ ಬೆಳೆಯಬಹುದು. ಆದ್ದರಿಂದ ಐದು ವರ್ಷಗಳ ಸರಾಸರಿ ತೆಗೆಯಿರಿ.

ಈ ಲೆಕ್ಕದಿಂದ ಎರಡು ಪ್ರಯೋಜನಗಳಿವೆ. ಮೊದಲನೆಯದು ಸೊಪ್ಪಿನದು. ಎಲೆಯೇ ಮರದ ಅಡಿಗೆಮನೆ. ಸೊಪ್ಪು ಸವರಿದ ಮರ, ಸವರದ ಮರ ಎರಡನ್ನೂ ಹೋಲಿಸಿ ನೋಡಿರಿ. ಸವರಿದ ಮರದ ಸುತ್ತಳತೆ ಹೆಚ್ಚದಿದ್ದರೆ ಅದಕ್ಕೆ ವಿಶ್ರಾಂತಿ ಬೇಕೆಂದು ತಿಳಿಯಿರಿ. ಬೆಟ್ಟವನ್ನು ಮೂರು ಪಾಲು ಮಾಡಿ ವರ್ಷಕ್ಕೊಂದು ಪಾಲಿನಲ್ಲಿ ಸವರಿರಿ. ಆಗಲೂ ತುದಿಯ ಕೊಂಬೆಗಳನ್ನು ಮುಟ್ಟಬೇಡಿರಿ.

ಎರಡನೆಯದು ಮರದ್ದು. 1856ರಲ್ಲಿ ಬರ್ಮಾದ ಪೆಗು ಪ್ರಾಂತದ ತೇಗದ ಕಾಡುಗಳ ಅಧಿಕಾರಿಯಾಗಿ ಬಂದ ಜರ್ಮನಿಯ ಡೀಟ್ರಿಕ್ ಬ್ರಾಂಡಿಸ್ ಮರಗಳನ್ನು ಸುತ್ತಳತೆಯಂತೆ ತರಗತಿಗಳಾಗಿ ವಿಂಗಡಿಸಿ ಎಣಿಸಿದರು. ಒಂದು ತರಗತಿಯ ಮರ ಮೇಲಿನ ತರಗತಿಗೆ ಏರಲು ಎಷ್ಟು ವರ್ಷ ಬೇಕೆಂದು ನೋಡಿ, ಕಡಿಯುವ ಮರಗಳ ಸಂಖ್ಯೆಯನ್ನು ಗೊತ್ತುಮಾಡಿದರು. 1864ರಲ್ಲಿ ಅವರೇ ಭಾರತದ ಅರಣ್ಯಗಳ ಮೊದಲ ಇನ್‌ಸ್ಪೆಕ್ಟರ್ ಜನರಲ್ ಆದರು.

ಈ ಲೆಕ್ಕಕ್ಕೆ ಒಂದು ಉದಾಹರಣೆ ಕೊಡುತ್ತೇನೆ. ಒಂದು ಬೆಟ್ಟದಲ್ಲಿ 90 ಸೆಂಟಿಮೀಟರಿಗೆ ಮೇಲ್ಪಟ್ಟ ಸುತ್ತಳತೆಯ 30 ಮರಗಳಿವೆ ಎನ್ನೋಣ. 60 ಸೆಂಟಿಮೀಟರಿನ ಮರ ವರ್ಷಕ್ಕೆ 1 ಸೆಂಟಿಮೀಟರಿನಂತೆ ಬೆಳೆದರೆ 90ಕ್ಕೆ ಮುಟ್ಟಲು 30 ವರ್ಷ ಬೇಕು. ಅಲ್ಲಿಗೆ ವರ್ಷಕ್ಕೆ ಒಂದೇ ಮರ ತೆಗೆಯಬಹುದು. ಅದೂ ಹಿಂದಿನ ಸಾಲಿನಲ್ಲಿ 30ಕ್ಕಿಂತ ಹೆಚ್ಚು ಮರಗಳಿದ್ದರೆ ಮಾತ್ರ. ಏಕೆಂದರೆ ಕೆಲವು ನಡುವೆಯೇ ಸಾಯುತ್ತವೆ. ಕೆಳಗೆ ಸಸಿಗಳೇ ಇಲ್ಲದಿದ್ದರೆ ಕೊಡಲಿಯನ್ನು ಮನೆಯಲ್ಲೇ ಇಡಬೇಕು.

ಈ ಲೆಕ್ಕವೇ ಕಡಿಯಲು ಪರವಾನಗಿಯಲ್ಲ. ಬೆಟ್ಟದ ಮರಕ್ಕೆ ಅರಣ್ಯ ಇಲಾಖೆಯ ಅಪ್ಪಣೆ ಬೇಕೇಬೇಕು. ಆದರೆ ಅಳತೆಯ ಪುಸ್ತಕ ಕೈಯಲ್ಲಿದ್ದರೆ ಅಧಿಕಾರಿಗಳೊಡನೆ ಮಾತಾಡಲು ನಿಮಗೊಂದು ಆಧಾರವಿರುತ್ತದೆ.

ಮರದ ವರ್ಷದ ಬೆಳವಣಿಗೆಯೇ ಬಡ್ಡಿ, ನಿಂತ ಮರವೇ ಅಸಲು. ಬಡ್ಡಿಯಲ್ಲಿ ಬಾಳುವವನ ಮನೆ ಉಳಿಯುತ್ತದೆ. ಈ ಬೇಸಿಗೆಯಲ್ಲಿ ಮನೆಗೆ ಹತ್ತು ಮರಗಳಿಗಾದರೂ ಗೆರೆ ಹಾಕಿರಿ. ಅಳೆಯುವ ಕೆಲಸವನ್ನು ಶಾಲೆಗೆ ಹೋಗುವ ಮಕ್ಕಳಿಗೆ ಕಲಿಸಿರಿ. ಆ ಮರಗಳು ದೊಡ್ಡವಾಗುವ ಹೊತ್ತಿಗೆ ತೋಟ ಅವರ ಕೈಯಲ್ಲಿರುತ್ತದೆ.