ಕಟ್ಟಡದ ಕೆಲಸಕ್ಕೆ ಹೊಸಬರು: ಮಾತಿನ ಎಚ್ಚರ

ಗುಬ್ಬಿ, ಕುಣಿಗಲ್ ಸೀಮೆಯ ಹಳ್ಳಿಗಳಿಂದ ಗಾರೆ ಕೆಲಸಕ್ಕೆಂದು ತುಮಕೂರಿಗೆ ಬರುವವರಲ್ಲಿ ನೀವೂ ಒಬ್ಬರಾಗಿರಬಹುದು. ಇಲ್ಲವೆ ನಿಮ್ಮ ಮನೆಯ ಹುಡುಗನೊಬ್ಬ ಬರುವ ಸೋಮವಾರ ಬುತ್ತಿ ಕಟ್ಟಿಸಿಕೊಂಡು ಹೊರಡುವವನಿರಬಹುದು. ವಸಂತನರಸಾಪುರದಲ್ಲಿ ಕಾರ್ಖಾನೆಗಳೆದ್ದಿವೆ. ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲಿನಲ್ಲಿ 2016ರಲ್ಲಿ ಶಂಕುಸ್ಥಾಪನೆಯಾದ ಎಚ್.ಎ.ಎಲ್. ಹೆಲಿಕಾಪ್ಟರ್ ಕಾರ್ಖಾನೆ 2023ರಲ್ಲಿ ಉದ್ಘಾಟನೆಗೊಂಡಿತು. ಇಂಥ ದೊಡ್ಡ ಕೆಲಸವಿರಲಿ, ಬಡಾವಣೆಯ ಎರಡಂತಸ್ತಿನ ಮನೆಯೇ ಇರಲಿ, ಹೊಸಬನ ಕಿವಿಗೆ ಮೊದಲ ದಿನವೇ ಒಂದು ರಾಶಿ ಮಾತು ಬೀಳುತ್ತದೆ: ಬೆಲ್ಟು, ಸೆಂಟ್ರಿಂಗು, ಜಾಕಿ, ಶೋರಿಂಗು, ಅರ್ಥಿಂಗು. ಆತ ಎಲ್ಲಕ್ಕೂ ‘ಹೂಂ ಸಾರ್’ ಎನ್ನುತ್ತಾನೆ. ಆ ‘ಹೂಂ’ ವಿಚಾರವಾಗಿಯೇ ನಾನು ಹೇಳಹೊರಟಿರುವುದು.

ಇಂಗ್ಲಿಷ್ ಹೆಸರುಗಳು ಹತ್ತು ದಿನದಲ್ಲಿ ನಾಲಿಗೆಗೆ ಹೊಂದಿಕೊಳ್ಳುತ್ತವೆ. ನನಗೆ ಹೆಚ್ಚು ಅಂಜಿಕೆಯಾಗುವುದು ನಮ್ಮದೇ ಕನ್ನಡದ ಪುಟ್ಟ ಪುಟ್ಟ ಮಾತುಗಳಿಂದ. ‘ತೆಗೆ’ ಎಂಬುದನ್ನೇ ನೋಡಿ. ನಲ್ಲಿ ತೆಗೆ ಎಂದರೆ ನೀರು ಬರುವಂತೆ ಮಾಡು ಎಂದು. ಲೈಟು ತೆಗೆ ಎಂದರೆ ಆರಿಸು ಎಂದು. ಮನೆಯಲ್ಲಿ ಇದರಿಂದ ಯಾರಿಗೂ ತೊಂದರೆಯಿಲ್ಲ. ಆದರೆ ಕಲ್ಲು ಕತ್ತರಿಸುವ ಯಂತ್ರದ ಬ್ಲೇಡು ಬದಲಿಸಲು ಕುಳಿತವನು ‘ಸ್ವಿಚ್ ತೆಗಿಯೋ’ ಎಂದು ಕೂಗಿದಾಗ, ಹಲಗೆಯ ಬಳಿ ನಿಂತ ಹೊಸ ಹುಡುಗ ಯಾವ ಅರ್ಥ ಹಿಡಿಯಬೇಕು? ಕೂಗಿದವನ ಬೆರಳುಗಳು ಆ ಅರ್ಥದ ಮೇಲೆ ನಿಂತಿವೆ. ‘ಬಿಡು’ ಎಂಬುದೂ ಹಾಗೆಯೇ. ರಾಟೆಯಲ್ಲಿ ಸರಕು ಇಳಿಸುವಾಗ ಕೆಳಗಿನವನು ‘ಬಿಡು, ಬಿಡು’ ಎನ್ನುತ್ತಾನೆ. ಹಗ್ಗವನ್ನು ಗೇಣುಗೇಣಾಗಿ ಸಡಿಲಿಸು ಎಂಬುದು ಅವನ ಮನಸ್ಸಿನಲ್ಲಿರುವುದು. ಕೈಬಿಡು ಎಂದು ಮೇಲಿನವನು ಕೇಳಿಸಿಕೊಂಡರೆ ಮುಂದಿನದನ್ನು ನಾನು ವರ್ಣಿಸಬೇಕಾಗಿಲ್ಲ. ಇಂಥ ಕಡೆ ಕನ್ನಡಾಭಿಮಾನವನ್ನು ಕೊಂಚ ಬದಿಗಿಟ್ಟು ‘ಆಫ್ ಮಾಡು’ ಎನ್ನುವುದೇ ಲೇಸು. ಹಗ್ಗಕ್ಕೆ ‘ನಿಧಾನ ಇಳಿಸು’, ‘ನಿಲ್ಲಿಸು’ ಎಂಬ ಎರಡು ಮಾತು ಸಾಕು. ಜೊತೆಯಲ್ಲಿ ಬಿಹಾರದವರೋ ಒಡಿಶಾದವರೋ ಇದ್ದರೆ ಕೆಲಸ ಆರಂಭವಾಗುವ ಮುನ್ನವೇ ಕೈಸನ್ನೆಯನ್ನೂ ಗೊತ್ತುಮಾಡಿಕೊಳ್ಳಿ.

ಇನ್ನು ‘ಸೆಂಟ್ರಿಂಗ್ ಬಿಚ್ಚು’ ಎಂಬ ಮಾತು. ಇದು ಒಂದೇ ಮಾತಾದರೂ ಒಳಗೆ ಎರಡು ಕೆಲಸಗಳಿವೆ: ಕಾಂಕ್ರೀಟಿಗೆ ತಾಗಿರುವ ಹಲಗೆಗಳನ್ನು ಕಳಚುವುದೊಂದು, ಭಾರ ಹೊತ್ತಿರುವ ಜಾಕಿಗಳನ್ನು ತೆಗೆಯುವುದು ಇನ್ನೊಂದು. 2000ದ ಐ.ಎಸ್. 456 ಎಂಬ ಭಾರತೀಯ ಮಾನಕದ ಪ್ರಕಾರ, ಸಾಮಾನ್ಯ ಸಿಮೆಂಟಿನ ತಾರಸಿಯ ಅಡಿಹಲಗೆಗಳನ್ನು 3 ದಿನಕ್ಕೆ ಬಿಚ್ಚಬಹುದು. ಆದರೆ ಬಿಚ್ಚಿದೊಡನೆ ಜಾಕಿಗಳನ್ನು ಮತ್ತೆ ಕೊಡಬೇಕು. ಜಾಕಿಗಳನ್ನು ಪೂರ್ತಿ ತೆಗೆಯಲು, 4.5 ಮೀಟರ್‌ವರೆಗಿನ ಹರವಿಗೆ 7 ದಿನ, ಅದಕ್ಕೂ ಹೆಚ್ಚಿನದಕ್ಕೆ 14 ದಿನ. 6 ಮೀಟರ್ ಮೀರಿದ ತೊಲೆಯಾದರೆ 21 ದಿನ ಕಾಯಬೇಕು. ಬಾಡಿಗೆ ಜಾಕಿಗಳನ್ನು ಬೇಗ ಹಿಂದಿರುಗಿಸುವ ಅವಸರ ಕಂಟ್ರಾಕ್ಟರಿಗೆ ಇದ್ದೇ ಇರುತ್ತದೆ. ‘ಹಲಗೆಯೋ ಜಾಕಿಯೋ? ಹಾಕಿ ಎಷ್ಟು ದಿನವಾಯಿತು?’ ಎಂದು ಕೇಳಿದರೆ ಮೇಸ್ತ್ರಿ ಬೈಯಬಹುದು. ಬೈಯಲಿ, ತಾರಸಿಯ ಕೆಳಗೆ ನಿಲ್ಲುವವರು ನೀವು.

ಶೋರಿಂಗ್ ಎಂದರೆ ಗುಂಡಿಯ ಬದಿ ಕುಸಿಯದಂತೆ ಹಲಗೆ, ಅಡ್ಡಮರ ಕೊಡುವುದು. ಬಾವಿ ತೋಡಿ ಬಲ್ಲ ಮನೆಯವರಿಗೆ ಇದನ್ನು ಯಾರೂ ಕಲಿಸಬೇಕಾಗಿಲ್ಲ, ಹೆಸರು ಮಾತ್ರ ಹೊಸದು. ತೋಡಿದ ಮಣ್ಣನ್ನು ಬಾಯಿಯ ಅಂಚಿಗೇ ಗುಡ್ಡೆ ಹಾಕಬಾರದೆಂಬುದೂ ನಿಮ್ಮ ಹಿರಿಯರು ಬಲ್ಲ ಸಂಗತಿಯೇ. ಕೇಂದ್ರ ಲೋಕೋಪಯೋಗಿ ಇಲಾಖೆಯ ಸುರಕ್ಷಾ ನಿಯಮ ಅದನ್ನೇ ಅಳತೆಯಿಟ್ಟು ಹೇಳುತ್ತದೆ: ಆಳ 1.5 ಮೀಟರ್, ಎಂದರೆ ಸುಮಾರು ಐದಡಿ ಮುಟ್ಟಿದರೆ ಬದಿಯನ್ನು ಇಳಿಜಾರು ಮಾಡಬೇಕು ಅಥವಾ ಮರದ ಆಸರೆ ಕೊಡಬೇಕು. ಮಣ್ಣಿನ ಗುಡ್ಡೆ ಅಂಚಿನಿಂದ 1.5 ಮೀಟರ್ ಇಲ್ಲವೆ ಆಳದ ಅರ್ಧ, ಯಾವುದು ಹೆಚ್ಚೋ ಅಷ್ಟು ದೂರವಿರಬೇಕು; ಏಣಿಯ ತುದಿ ನೆಲದಿಂದ 90 ಸೆಂಟಿಮೀಟರ್ ಮೇಲೆ ಕಾಣಬೇಕು. ಒಳಚರಂಡಿ ಪೈಪಿನ ಕಿರಿದಾದ ಕಾಲುವೆಗಳಲ್ಲಿ ಇದನ್ನು ಮರೆಯುವುದು ಸುಲಭ. ಎದೆಯವರೆಗೆ ಮಣ್ಣು ಬಿಗಿದರೆ ತಲೆ ಹೊರಗಿದ್ದರೂ ಉಸಿರೆಳೆಯಲಾಗುವುದಿಲ್ಲ.

ಬೆಲ್ಟಿನ ಮಾತು ಚಿಕ್ಕದು. ಸಾರುವೆಯ ಮೇಲೆ ಬೆಲ್ಟು ಕಟ್ಟಿ ಕೊಂಡಿಯನ್ನು ಸೊಂಟದಲ್ಲೇ ತೂಗಬಿಟ್ಟವನು ಬೆಲ್ಟಿಲ್ಲದವನಿಗೆ ಸಮ. ‘ಬೆಲ್ಟು ಹಾಕಿದೆಯಾ?’ ಎನ್ನುವುದಕ್ಕಿಂತ ‘ಕೊಂಡಿ ಎಲ್ಲಿ ಹಾಕಿದೆ?’ ಎಂದು ಕೇಳುವುದು ಮೇಲು.

ಮೇಸ್ತ್ರಿಗಳೇ, ನಿಮಗೂ ಒಂದು ಅರಿಕೆ. ‘ಅರ್ಥವಾಯಿತೇ?’ ಎಂದು ಕೇಳಬೇಡಿ. ‘ಈಗ ಏನು ಮಾಡುತ್ತೀಯ, ಹೇಳು’ ಎನ್ನಿ. ಬಾಂಡ್ಲಿ ಹೊರುವ ಹೆಂಗಸರನ್ನೂ ಹತ್ತಿರ ಕರೆದು ಹೀಗೆಯೇ ಕೇಳಿ. ಎಲ್ಲರ ಸೂಚನೆ ಮುಗಿದ ಮೇಲೆ ದೂರದಿಂದ ಕೂಗಿ ಹೇಳುವುದು ಅವರಿಗೇ, ಗುಂಡಿಯ ಅಂಚಿನಲ್ಲಿ ದಿನವಿಡೀ ನಡೆಯುವವರೂ ಅವರೇ.