ಹೆಬ್ಬೆಟ್ಟು ಹೋಯ್ತು, ಸಹಿ ಬಂತು

(ದಂಡೋತಿಯಲ್ಲಿ ಸೇರಿದ್ದ ಹಾಸ್ಟೆಲ್ ವಿದ್ಯಾರ್ಥಿಗಳ ಸಭೆಯಲ್ಲಿ ಆಡಿದ ಮಾತು)



ಚಿತ್ತಾಪುರ, ಸೇಡಂ, ವಾಡಿ, ಶಹಾಬಾದ, ಚಿಂಚೋಳಿ ಎಲ್ಲ ಕಡೆಯಿಂದ ಬಂದು ಈ ದಂಡೋತಿಯಲ್ಲಿ ಕೂತಿದ್ದೀರಿ. ನನ್ನನ್ನು ಕವಿ ಎಂದು ಪರಿಚಯ ಮಾಡಿಕೊಟ್ಟರು. ಆದರೆ ನಾನು ಇವತ್ತು ಪದ್ಯ ಓದಲು ಬಂದಿಲ್ಲ. ಒಂದು ಪುಸ್ತಕದ ಬಗ್ಗೆ ಮಾತಾಡಲು ಬಂದಿದ್ದೇನೆ. ಅದು ಲೈಬ್ರರಿಯಲ್ಲಿ ಸಿಗುವುದಿಲ್ಲ, ಅಂಗಡಿಯಲ್ಲಿ ಮಾರುವುದಿಲ್ಲ. ಪ್ರಿನ್ಸಿಪಾಲರ ಕಪಾಟಿನಲ್ಲಿರುತ್ತದೆ, ವಾರ್ಡನ್ನರ ಟೇಬಲ್ಲಿನ ಖಾನೆಯಲ್ಲಿರುತ್ತದೆ. ಅದಕ್ಕೆ ನಡಾವಳಿ ಪುಸ್ತಕ ಅಂತಾರೆ. ಸಭೆ ಯಾವತ್ತು ಸೇರಿತು, ಯಾರು ಬಂದರು, ಏನು ಠರಾವಾಯಿತು ಎಂದು ಬರೆದಿಡುವ ಪುಸ್ತಕ. ನಮ್ಮ ಊಟ, ನಮ್ಮ ಸ್ಕಾಲರ್‌ಶಿಪ್ಪು, ನಮ್ಮ ಹಾಜರಿ, ನಮ್ಮ ಮಾನ ಎಲ್ಲ ಅದರಲ್ಲಿ ಎರಡೆರಡು ಸಾಲಾಗಿ ಹೋಗುತ್ತವೆ. ನಮ್ಮಲ್ಲಿ ಎಷ್ಟು ಮಂದಿ ಅದನ್ನ ಬಿಚ್ಚಿ ನೋಡೀರಿ? ಕೈ ಎತ್ರಿ ಅಂದ್ರ ಎಷ್ಟು ಕೈ ಏಳ್ತಾವ? ಒಂದು ಕಾಲಕ್ಕ ನನ್ನ ಕೈನೂ ಏಳ್ತಿರಲಿಲ್ಲ.

ನಮ್ಮ ಮುತ್ಯಾಗೆ ಅಕ್ಷರ ಬರುತ್ತಿರಲಿಲ್ಲ. ಸಾಹುಕಾರ ಕಾಗದ ಮುಂದಿಡುತ್ತಿದ್ದ, ಬೆರಳಿಗೆ ಶಾಯಿ ಹಚ್ಚುತ್ತಿದ್ದ, "ಒತ್ತೋ" ಅನ್ನುತ್ತಿದ್ದ. ಮುತ್ಯಾ ಒತ್ತುತ್ತಿದ್ದ. ಕಾಗದದಾಗ ಏನು ಬರೆದಿತ್ತು ಅನ್ನೂದು ತಿಳೀತಿದ್ದದ್ದು ಹೊಲ ಹೋದ ಮ್ಯಾಲೆ. ಆ ಮುತ್ಯಾನ ಮೊಮ್ಮಗ ನಾನು ಬಿ.ಎ. ಓದಿದೆ. ಹೆಬ್ಬೆಟ್ಟು ಹೋಯ್ತು, ಸಹಿ ಬಂತು ಎಂದು ನಮ್ಮವ್ವ ಓಣಿಯೆಲ್ಲ ಹೇಳಿಕೊಂಡು ಬಂದಳು. ಆ ಸಹಿಯನ್ನು ನಾನು ಏನು ಮಾಡಿದೆ ಅಂತ ಹೇಳ್ತೀನಿ, ಕೇಳ್ರಿ.

ನಾನಿದ್ದ ಹಾಸ್ಟೆಲಿನಲ್ಲಿ ಊಟದ ಸಮಿತಿ ಅಂತ ಒಂದಿತ್ತು. ನನ್ನನ್ನು ಅದರ ವಿದ್ಯಾರ್ಥಿ ಸದಸ್ಯ ಎಂದು ಮಾಡಿದ್ದರು. ಯಾರೂ ಆರಿಸಿರಲಿಲ್ಲ. "ನೀ ಶ್ಯಾಣ್ಯಾ ಇದ್ದಿ, ಪದ್ಯ ಬರೀತಿ, ನೀನೇ ಇರು" ಅಂದರು. ನನಗೆ ಖುಷಿಯಾಯಿತು. ಸಭೆ ಎಂದೂ ಸೇರಲಿಲ್ಲ. ಒಂದು ದಿನ ಕರೆದು ಪುಸ್ತಕ ಬಿಚ್ಚಿದರು. ಆರು ತಿಂಗಳು, ಆರು ಸಭೆ, ಆರು ಕಡೆ ನನ್ನ ಹೆಸರು, ಅದರ ಮುಂದೆ ಖಾಲಿ ಜಾಗ. "ಬಡ ಬಡ ಹಾಕು ತಮ್ಮಾ, ಮೇಲಿನವರು ತಪಾಸಣೆಗೆ ಬರ್ತಾರ" ಅಂದರು. ನಾನು ಹಾಕಿದೆ. ಓದಲೂ ಇಲ್ಲ. ಸಹಿ ಚೆಂದ ಬಂತೋ ಇಲ್ಲೋ ಅಂತ ಮಾತ್ರ ನೋಡಿಕೊಂಡೆ.

ಎರಡು ತಿಂಗಳು ಕಳೆದ ಮೇಲೆ ಪಿಯುಸಿ ಓದುತ್ತಿದ್ದ ಒಬ್ಬ ಹುಡುಗ ದೂರು ಬರೆದ. ಬೇಳೆ ನೀರಾಗಿರ್ತದ, ಅನ್ನದಾಗ ಹುಳ ಬರ್ತಾವ, ರೊಟ್ಟಿ ಲೆಕ್ಕ ಮಾಡಿ ಕೊಡ್ತಾರ ಅಂತ. ಸುತ್ತಮುತ್ತ ಹೊಲದಾಗೆಲ್ಲ ತೊಗರಿ ಬೆಳೆಯೋ ಸೀಮೆ ನಮ್ಮದು, ನಮ್ಮ ತಾಟಿನ್ಯಾಗ ಬೇಳೆ ಇಲ್ಲ! ತಪಾಸಣೆ ಆಯಿತು. ಆ ಪುಸ್ತಕ ಹೊರಗೆ ಬಂತು. ಅದರಲ್ಲಿ ಆರು ಸಲ "ಊಟದ ಗುಣಮಟ್ಟ ತೃಪ್ತಿಕರವಾಗಿದೆ" ಎಂದು ಬರೆದಿತ್ತು. ಕೆಳಗೆ ನನ್ನ ಸಹಿ. "ನೋಡಪಾ, ನಿಮ್ಮವನೇ ಒಪ್ಪ್ಯಾನ, ನೀ ಸುಳ್ಳು ಹೇಳ್ತಿ" ಅಂದರು ಆ ಹುಡುಗನಿಗೆ. ಅವನು ನನ್ನ ಕಡೆ ನೋಡಿದ. ನಾನು ನೆಲ ನೋಡಿದೆ. ಅದೇ ವಾರ ಅವನು ತನ್ನ ಟ್ರಂಕು ಹೊತ್ತುಕೊಂಡು ಹೋದ. ಆಮೇಲೆ ಫರಸಿ ಕಲ್ಲಿನ ಖಣಿಯಲ್ಲಿ ದುಡೀತಾನ ಅಂತ ಕೇಳಿದೆ. ಸಾಹುಕಾರ ಮುತ್ಯಾನ ಹೆಬ್ಬೆಟ್ಟು ತಗೊಂಡು ಮುತ್ಯಾನ ಹೊಲ ಕಸಿದ. ನನ್ನ ಸಹಿ ತಗೊಂಡು ಮತ್ತೊಬ್ಬರ ಮನೆ ಹುಡುಗನ ಓದು ಕಸಿದರು. ಯಾವುದು ದೊಡ್ಡ ಮೋಸ, ನೀವೇ ಹೇಳ್ರಿ.

ಕಾಲೇಜಿನ ಆಡಳಿತದಲ್ಲಿ ವಿದ್ಯಾರ್ಥಿಗಳಿಗೆ ಜಾಗ ಬೇಕು ಎಂದು ನಾವು ಘೋಷಣೆ ಕೂಗುತ್ತೇವೆ. ಕೂಗೋಣ. ಆದರೆ ಒಂದು ಮಾತು ತಿಳಿದಿರಲಿ. ಕಾಗದದ ಮೇಲೆ ಈಗಾಗಲೇ ಜಾಗ ಇದೆ. ರ‍್ಯಾಗಿಂಗ್ ತಡೆಯಲು ಯು.ಜಿ.ಸಿ. 2009ರಲ್ಲಿ ಮಾಡಿದ ನಿಯಮದ ಸಮಿತಿಯಲ್ಲಿ ಹೊಸ ವಿದ್ಯಾರ್ಥಿಗಳ ಪ್ರತಿನಿಧಿ, ಹಳೆ ವಿದ್ಯಾರ್ಥಿಗಳ ಪ್ರತಿನಿಧಿ, ಪಾಲಕರು, ಪೊಲೀಸರು ಎಲ್ಲರೂ ಇರಬೇಕು. ನ್ಯಾಕ್‌ನವರು ಕೇಳುವ ಗುಣಮಟ್ಟದ ಸಮಿತಿಯಲ್ಲೂ ವಿದ್ಯಾರ್ಥಿ ಇರಬೇಕು. ಲೈಂಗಿಕ ಕಿರುಕುಳದ ದೂರು ವಿಚಾರಿಸುವ ಸಮಿತಿಗೆ 2015ರ ನಿಯಮವಿದೆ. ದೂರು ವಿದ್ಯಾರ್ಥಿಗಳಿಗೆ ಸಂಬಂಧಿಸಿದ್ದರೆ ಮೂವರು ವಿದ್ಯಾರ್ಥಿಗಳು ಕೂರಬೇಕು. ಅವರನ್ನು ವಿದ್ಯಾರ್ಥಿಗಳೇ ಪಾರದರ್ಶಕವಾಗಿ ಆರಿಸಿರಬೇಕು. ಆರಿಸಿರಬೇಕು ಅನ್ನುವ ಮಾತು ನಿಯಮದಲ್ಲೇ ಇದೆ. ಸಭೆಗೆ ಮುಂಚೆ ಒಬ್ಬ ತಂಗಿ ನನಗೆ ಹೇಳಿದಳು: "ಅಣ್ಣಾ, ಆ ಸಮಿತಿ ಬೋರ್ಡಿನ ಮ್ಯಾಲೆ ನನ್ನ ಹೆಸರದ. ಅದು ನನಗ ಬೋರ್ಡು ನೋಡಿದ ಮ್ಯಾಲೇ ಗೊತ್ತಾಯ್ತು."

2023ರಲ್ಲಿ ಕುಂದುಕೊರತೆ ಸಮಿತಿಯ ಹೊಸ ನಿಯಮ ಬಂತು. ಅಧ್ಯಕ್ಷರು ಪ್ರೊಫೆಸರ್, ಸದಸ್ಯರು ನಾಲ್ವರು ಹಿರಿಯ ಅಧ್ಯಾಪಕರು. ಇವರೊಳಗೆ ಒಬ್ಬರಾದರೂ ಹೆಣ್ಣುಮಗಳು, ಒಬ್ಬರಾದರೂ ಪರಿಶಿಷ್ಟ ಜಾತಿ, ಪಂಗಡ ಅಥವಾ ಹಿಂದುಳಿದ ವರ್ಗದವರು ಇರಬೇಕು. ಒಳ್ಳೇದು. ವಿದ್ಯಾರ್ಥಿ? ಒಬ್ಬ. ಅವನೂ ಸದಸ್ಯನಲ್ಲ, ವಿಶೇಷ ಆಹ್ವಾನಿತ. ಓದಿನಲ್ಲಿ, ಆಟದಲ್ಲಿ, ಇತರ ಚಟುವಟಿಕೆಯಲ್ಲಿ ಮುಂದಿರುವವನನ್ನು ನೋಡಿ ಅವರೇ ನೇಮಿಸುತ್ತಾರೆ. ಮದುವೆ ಮನೆಗೆ ಕರೆದವರಂಗ. ಬರಬೇಕು, ಉಣಬೇಕು, ಹೋಗಬೇಕು. ಹೆಣ್ಣು ಯಾರದು, ಗಂಡು ಯಾರದು ಅಂತ ಕೇಳಬಾರದು.

ಹಾಗಂತ ಆ ನಿಯಮ ಬೇಡ ಅನ್ನಬೇಡಿ. ಸ್ಕಾಲರ್‌ಶಿಪ್ ತಡವಾದರೆ, ಮಾರ್ಕ್ಸ್ ಕಾರ್ಡು, ಟಿ.ಸಿ. ಹಿಡಿದಿಟ್ಟುಕೊಂಡರೆ, ಜಾತಿಯ ಭೇದ ಮಾಡಿದರೆ ಅದೇ ಸಮಿತಿಗೆ ದೂರು ಕೊಡಬಹುದು. 15 ಕೆಲಸದ ದಿನಗಳೊಳಗೆ ಸಮಿತಿ ವರದಿ ಕೊಡಬೇಕು, ಅದರ ಪ್ರತಿ ನಿಮಗೂ ಬರಬೇಕು. ಒಪ್ಪಿಗೆಯಾಗದಿದ್ದರೆ ಇನ್ನು 15 ದಿನದೊಳಗೆ ಒಂಬುಡ್ಸ್‌ಪರ್ಸನ್ ಹತ್ತಿರ ಹೋಗಬಹುದು. ಅದು ನಮ್ಮ ಕೈಯಲ್ಲಿರುವ ಕೊಡಲಿ. ಕಾವು ಸಣ್ಣದಿದೆ ಅಂತ ಕೊಡಲಿ ಬಿಸಾಡಬಾರದು.

ಆರಿಸಿ ಕಳಿಸುವ ಪದ್ಧತಿ ಹಿಂದೆ ಇತ್ತು. ಕರ್ನಾಟಕದ ಕಾಲೇಜುಗಳಲ್ಲಿ 1980ರ ದಶಕದ ಕೊನೆಯ ಹೊತ್ತಿಗೆ ಚುನಾವಣೆ ನಿಂತವು. ಗಲಾಟೆ, ಹೊಡೆದಾಟ, ದುಡ್ಡು ಎಂಬ ಕಾರಣ ಕೊಟ್ಟರು. ಕಾರಣ ಸುಳ್ಳಲ್ಲ. ಆ ಕಾಲದ ವಿದ್ಯಾರ್ಥಿ ಶಕ್ತಿ ಎಲ್ಲವೂ ನಮ್ಮ ಪರ ಇತ್ತು ಅಂತಲೂ ನಾನು ಹೇಳುವುದಿಲ್ಲ. 1973ರ ನವೆಂಬರಿನಲ್ಲಿ ಬಿ. ಬಸವಲಿಂಗಪ್ಪನವರು ಮೈಸೂರಿನಲ್ಲಿ ಬೂಸಾ ಅನ್ನುವ ಒಂದು ಮಾತು ಆಡಿದ್ದಕ್ಕೆ ಬೀದಿಗೆ ಬಂದವರು ವಿದ್ಯಾರ್ಥಿಗಳೇ, ಹಾಸ್ಟೆಲಿನಲ್ಲಿ ಪೆಟ್ಟು ತಿಂದವರೂ ವಿದ್ಯಾರ್ಥಿಗಳೇ. ಪೆಟ್ಟು ತಿಂದವರು ನಮ್ಮವರು. ಆ ನೋವಿನೊಳಗಿಂದಲೇ ದಲಿತ ಸಂಘರ್ಷ ಸಮಿತಿ ಎದ್ದು ಬಂತು. ಆದ್ದರಿಂದ ವಿದ್ಯಾರ್ಥಿ ಪ್ರತಿನಿಧಿ ಎಂದರೆ ಸಾಲದು. ಯಾವ ವಿದ್ಯಾರ್ಥಿಯ ಪ್ರತಿನಿಧಿ ಎಂದು ಕೇಳಬೇಕು.

2006ರಲ್ಲಿ ಸುಪ್ರೀಂ ಕೋರ್ಟು ಲಿಂಗ್ಡೋ ಸಮಿತಿಯ ಶಿಫಾರಸು ಒಪ್ಪಿತು. ಚುನಾವಣೆ ನಡೆಯಲಿ, ಒಬ್ಬ ಅಭ್ಯರ್ಥಿ 5000 ರೂಪಾಯಿಗಿಂತ ಹೆಚ್ಚು ಖರ್ಚು ಮಾಡಬಾರದು, 75 ಪರ್ಸೆಂಟ್ ಹಾಜರಿ ಇರಬೇಕು ಅಂದರು. ದುಡ್ಡಿಗೆ ಕಡಿವಾಣ ಹಾಕಿದ್ದು ಸರಿ. ಹಾಜರಿ ಮಾತು ಬಂದಾಗ ಈ ಕಾಗಿಣಾ ಹೊಳೆಯನ್ನು ನೋಡ್ರಿ. ಮಳೆಗಾಲದಲ್ಲಿ ಹೊಳೆ ತುಂಬಿ ದಂಡೋತಿ ಬ್ರಿಜ್ ಎಷ್ಟು ಸಲ ಮುಳುಗ್ಯಾದ ಅಂತ ನಿಮಗ ನಾನು ಹೇಳಬೇಕಾಗಿಲ್ಲ. ಬಸ್ಸು ಆಚೆ, ನಾವು ಈಚೆ. ಕಾಲೇಜಿನಲ್ಲಿ ಹೆಸರು ಕೂಗಿ ಗೈರು ಹಾಕುತ್ತಾರೆ. ಸುಗ್ಗಿಯಲ್ಲಿ ಹೊಲಕ್ಕೆ, ಉಳಿದಾಗ ಖಣಿಗೆ ಹೋಗಿ ಫೀಸು ಕೂಡಿಸುವವನದೂ ಗೈರು. ಹೊಳೆ ಬಂದ ದಿನದ ಹಾಜರಿ ಹಿಡಿಯಬಾರದು ಎಂಬ ಒಂದು ಸಾಲಿನ ಠರಾವು ಮಾಡಲು ಎಷ್ಟು ಹೊತ್ತು ಬೇಕು? ಅದನ್ನು ಹೇಳುವವನು ಆ ಕೋಣೆಯಲ್ಲಿಲ್ಲ. ಕೋಣೆಯಲ್ಲಿದ್ದವನು ಹೊಳೆ ದಾಟಿ ಬಂದವನಲ್ಲ.

ಕೋಣೆಯ ಒಳಗೆ ನಮ್ಮ ಬದುಕು ಬರೆಯುತ್ತಾರೆ ಎಂಬುದಕ್ಕೆ ಇನ್ನೊಂದು ಸಾಕ್ಷಿ ದೂರವಿಲ್ಲ. ಸೇಡಂನಲ್ಲಿ ರೈಲು ಹತ್ತಿದರೆ ಹೈದರಾಬಾದು. ಅಲ್ಲಿನ ವಿಶ್ವವಿದ್ಯಾಲಯದಲ್ಲಿ ಐದು ಜನ ದಲಿತ ಸಂಶೋಧನಾ ವಿದ್ಯಾರ್ಥಿಗಳನ್ನು ಹಾಸ್ಟೆಲಿನಿಂದ ಹೊರಹಾಕಿದರು. ವಿದ್ಯಾರ್ಥಿ ಸಂಘದ ಚುನಾವಣೆಗೆ ನಿಲ್ಲಬಾರದು ಎಂದೂ ಆದೇಶದಲ್ಲಿತ್ತು. ಮಲಗುವ ಜಾಗ, ಮಾತಾಡುವ ಜಾಗ ಎರಡನ್ನೂ ಒಂದೇ ಕಾಗದದಲ್ಲಿ ಕಸಿದರು. ಅವರು ಬಯಲಲ್ಲಿ ಮಲಗಿದರು, ಆ ಜಾಗಕ್ಕೆ ವೆಲಿವಾಡ ಅಂದರು. ನಮ್ಮ ಮಾತಿನಲ್ಲಿ ಹೊಲಗೇರಿ. 2016ರ ಜನವರಿ 17ರಂದು ಆ ಐವರಲ್ಲಿ ಒಬ್ಬ, ರೋಹಿತ್ ವೇಮುಲ, ಇಲ್ಲವಾದ. ನಮಗೆ ಇನ್ನು ಹುತಾತ್ಮರ ಫೋಟೋ ಬೇಡ ಗೆಳೆಯರೆ. ಬದುಕಿರುವ ಗೆಳೆಯರು ಬೇಕು. ನಿಮ್ಮ ಪಕ್ಕದ ಕೋಣೆಯವನು ಮಾತು ಬಿಟ್ಟಿದ್ದರೆ ಇವತ್ತು ಹೋಗಿ ಅವನ ಬಾಗಿಲು ಬಡೀರಿ.

ಹಾಗಾದರೆ ಏನು ಮಾಡಬೇಕು? ಬಾಬಾಸಾಹೇಬರ ಒಂದೇ ವರ್ಷ ನೋಡೋಣ, 1929. ಸೈಮನ್ ಆಯೋಗದ ಜೊತೆ ಕೆಲಸ ಮಾಡಲು ಮುಂಬಯಿ ಪ್ರಾಂತದಲ್ಲಿ ಮಾಡಿದ್ದ ಸಮಿತಿಯಲ್ಲಿ ಅವರು ಸದಸ್ಯರಾಗಿದ್ದರು. ಸಮಿತಿ ವರದಿ ಸಿದ್ಧವಾಯಿತು. ಅವರಿಗೆ ಒಪ್ಪಿಗೆಯಾಗಲಿಲ್ಲ. ಸಹಿ ಹಾಕಲಿಲ್ಲ. ಸಭೆ ಬಿಟ್ಟು ಸಿಟ್ಟಿನಿಂದ ಮನೆಗೂ ಹೋಗಲಿಲ್ಲ. ಕೂತು ತಮ್ಮದೇ ಬೇರೆ ವರದಿ ಬರೆದು ಮೇ 17ರಂದು ಕೊಟ್ಟರು. ವಯಸ್ಸಿಗೆ ಬಂದವರಿಗೆಲ್ಲ ಓಟು ಬೇಕು ಎಂದು ಅದರಲ್ಲಿ ಕೇಳಿದರು. ಅವತ್ತು ಅದು ಒಬ್ಬನ ಮಾತು. 1950ರ ಸಂವಿಧಾನದಲ್ಲಿ ಅದು ದೇಶದ ಮಾತಾಯಿತು.

ಅದೇ 1929ರಲ್ಲಿ ಅಸ್ಪೃಶ್ಯರ ಕಷ್ಟ ವಿಚಾರಿಸಲು ಮುಂಬಯಿ ಸರ್ಕಾರ ಮಾಡಿದ್ದ ಮತ್ತೊಂದು ಸಮಿತಿಯಲ್ಲೂ ಅವರಿದ್ದರು. ಅದರ ಕೆಲಸಕ್ಕೆ ಹೋದಾಗ ಚಾಳೀಸಗಾಂವ್ ಸ್ಟೇಷನ್ನಿನಲ್ಲಿ ಇಳಿದರು. ಮಹಾರನನ್ನು ಕೂಡಿಸಿಕೊಂಡು ಟಾಂಗಾ ಹೊಡೆಯಲು ಯಾವ ಟಾಂಗಾದವನೂ ಒಪ್ಪಲಿಲ್ಲ. ಕೇರಿಯವನೊಬ್ಬ, ರೂಢಿಯಿಲ್ಲದವನು, ಹೊಡೆದ. ಮೋರಿಯ ಸೇತುವೆ ಮೇಲೆ ಟಾಂಗಾ ಉರುಳಿ ಬಾಬಾಸಾಹೇಬರ ಕಾಲು ಮುರಿಯಿತು. ಸಮಿತಿಯ ಕುರ್ಚಿ ಸಿಕ್ಕಿತು ಅಂದರೆ ಜಾತಿ ಸತ್ತಿತು ಅಂತಲ್ಲ ಅನ್ನುವುದಕ್ಕೆ ಇದಕ್ಕಿಂತ ಪಾಠ ಬೇಕೇ? ಕುರ್ಚಿಗೆ ಮರುಳಾಗಬೇಡಿ. ಕುರ್ಚಿಗೆ ಹೆದರಲೂ ಬೇಡಿ.

ಕೊನೆಗೆ ನಾಲ್ಕು ಮಾತು ಹೇಳಿ ಮುಗಿಸ್ತೀನಿ.

ಒಂದು, ಸಾಹೇಬರು ಹೆಸರು ಕರೆದರು ಅಂತ ಸಮಿತಿಗೆ ಹೋಗಬೇಡಿ. ಮೊದಲು ಹಾಸ್ಟೆಲಿನ ಅಂಗಳದಲ್ಲಿ ಎಲ್ಲರೂ ಕೂತು, ಕೈ ಎತ್ತಿ, ಒಬ್ಬರನ್ನು ಆರಿಸಿ. ಅಡುಗೆಯವರ ಮಾತೂ ಕೇಳಿ. ಆಮೇಲೆ, ಇವರೇ ನಮ್ಮ ಪ್ರತಿನಿಧಿ ಎಂದು ಎಲ್ಲರ ಸಹಿ ಹಾಕಿ ಪತ್ರ ಕೊಡಿ. ಹುಡುಗಿಯರ ಹಾಸ್ಟೆಲಿನಲ್ಲಿ ಹುಡುಗಿಯರೇ ಆರಿಸಲಿ, ಅಣ್ಣಂದಿರ ಅಪ್ಪಣೆ ಬೇಕಾಗಿಲ್ಲ.

ಎರಡು, ಸಭೆಗೆ ಮುಂಚೆ ವಿಷಯ ಏನು ಎಂದು ಬರವಣಿಗೆಯಲ್ಲಿ ಕೇಳಿ. ನಡೆಯದ ಸಭೆಗೆ, ಓದದ ಹಾಳೆಗೆ, ಖಾಲಿ ಜಾಗಕ್ಕೆ ಸಹಿ ಹಾಕಬೇಡಿ. ಒಪ್ಪದಿದ್ದರೆ ಅಲ್ಲೇ ಸಹಿಯ ಮೇಲೆ "ನನ್ನ ಒಪ್ಪಿಗೆ ಇಲ್ಲ" ಎಂದು ಕಾರಣ ಬರೆಯಿರಿ. ನಾಲ್ಕು ಪದ ಸಾಕು. "ಬೇಳೆ ನೀರಾಗಿತ್ತು, ಒಪ್ಪಿಗೆ ಇಲ್ಲ." ಅದೇ ನಿಮ್ಮ ಬೇರೆ ವರದಿ.

ಮೂರು, ಸಭೆ ಮುಗಿದ ರಾತ್ರಿಯೇ ಬಂದು ನಿಮ್ಮನ್ನು ಕಳಿಸಿದವರಿಗೆ ಎಲ್ಲ ಹೇಳಿ. ಹೇಳದವನನ್ನು ಬದಲಿಸಿ. ಅವನು ನಾನೇ ಆಗಿದ್ದರೂ ಬದಲಿಸಿ.

ನಾಲ್ಕು, ಪುಸ್ತಕ ತೋರಿಸುವುದಿಲ್ಲ ಅಂದರೆ 2005ರ ಮಾಹಿತಿ ಹಕ್ಕು ಕಾಯ್ದೆ ಇದೆ. ಸರ್ಕಾರಿ ಕಾಲೇಜು, ಸರ್ಕಾರಿ ಹಾಸ್ಟೆಲಿನ ನಡಾವಳಿಯ ನಕಲು ಕೇಳಲು 10 ರೂಪಾಯಿ. ಬಡತನದ ರೇಖೆಯ ಕೆಳಗಿನವರಿಗೆ ಅದೂ ಇಲ್ಲ. ಕರ್ನಾಟಕದಲ್ಲಿ ಅರ್ಜಿ 150 ಪದ ಮೀರಬಾರದು, ಒಂದೇ ವಿಷಯ ಇರಬೇಕು. 30 ದಿನದಲ್ಲಿ ಉತ್ತರ ಬರಬೇಕು. ಒಬ್ಬನೇ ಹಾಕಿದರೆ ಒಬ್ಬನನ್ನೇ ಹಿಡಿಯುತ್ತಾರೆ, ಆದ್ದರಿಂದ ಹತ್ತು ಜನ ಹತ್ತು ಅರ್ಜಿ ಹಾಕಿ.

ಆ ಖಣಿಗೆ ಹೋದ ಹುಡುಗನನ್ನು ಹುಡುಕಿಕೊಂಡು ನಾನು ಒಂದು ಸಲ ಹೋಗಿದ್ದೆ. ಕಲ್ಲಿನ ಧೂಳಿನಲ್ಲಿ ಗುರುತೇ ಸಿಗಲಿಲ್ಲ. ನನ್ನದು ತಪ್ಪಾಯ್ತು ತಮ್ಮಾ ಅಂದೆ. ಅವನು ಬೈಯಲಿಲ್ಲ. "ಅಣ್ಣಾ, ಈಗಿರೋ ಹುಡುಗರಿಗಾದ್ರೂ ಬೇಳೆ ಸರಿ ಹಾಕ್ತಾರೇನು?" ಎಂದು ಕೇಳಿದ. ನನ್ನ ಹತ್ತಿರ ಉತ್ತರ ಇರಲಿಲ್ಲ. ಆ ಉತ್ತರ ಬರೆಯುವ ಪುಸ್ತಕ ನಿಮ್ಮ ಹಾಸ್ಟೆಲಿನಲ್ಲಿದೆ. ನಾಳೆ ಬೆಳಿಗ್ಗೆ ಹೋಗಿ ಕೇಳ್ರಿ.

ಜೈ ಭೀಮ್.